ನಾಲ್ಕು ಕೆಂಪು ಚುಕ್ಕಿ

ಮೊನ್ನೆ ಮಾದೇಶ ನನ್ನ ಫೋನಿಗೆ ಪತ್ರಿಕೆಯ ತುಣುಕೊಂದನ್ನು ಕಳಿಸಿದ. ಅವನೂ ನಾನೂ ತೊಂಬತ್ತರ ದಶಕದಲ್ಲಿ ಚಾಮರಾಜನಗರದ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವರು. ಈಗ ಚಂದಕವಾಡಿಯಲ್ಲಿ ಬಾಳೆ ಬೆಳೆದುಕೊಂಡು ನೆಮ್ಮದಿಯಾಗಿದ್ದಾನೆ. ಸುಮ್ಮಸುಮ್ಮನೆ ಏನನ್ನೂ ಕಳಿಸುವವನಲ್ಲ. ತುಣುಕಿನ ಕೆಳಗೆ ಒಂದೇ ಸಾಲು ಬರೆದಿದ್ದ: “ಓದ್ಲಾ, ಓದ್ಬುಟ್ಟು ಉಗಿ.”

ಓದಿದೆ. ಅರ್ಧ ಪುಟದ ಲೇಖನ. ಮೈಸೂರಿನ ವಿಡಿಯೋ ಗೇಮ್ ಕಂಪನಿಯೊಂದರ ಇತಿಹಾಸವಂತೆ. ಮೇಲೆ ಯಜಮಾನರ ಫೋಟೋ, ಕೈಕಟ್ಟಿಕೊಂಡು ದೂರ ನೋಡುತ್ತಿರುವ ಭಂಗಿ. ಈ ಮಹಾಶಯರು ಮನೆಯ ಕಾರ್ ಶೆಡ್ಡಿನಲ್ಲಿ ಒಬ್ಬರೇ ಕೂತು, ಹಗಲು ರಾತ್ರಿ ದುಡಿದು, ನಮ್ಮ ಹಳ್ಳಿಯ ಬದುಕನ್ನು ಮೊದಲ ಬಾರಿಗೆ ಕಂಪ್ಯೂಟರ್ ಆಟವಾಗಿಸಿದರಂತೆ. ಆಡುವವನು ಒಂದು ವೇಷ ತೊಟ್ಟು, ಊರೂರು ತಿರುಗಿ, ಜನರ ಜೊತೆ ಮಾತಾಡುತ್ತ ಮುಂದೆ ಸಾಗುವ ರೋಲ್ ಪ್ಲೇಯಿಂಗ್ ಆಟ. ‘ಮಣ್ಣಿನ ಸೊಗಡು’ ಎಂಬ ಮಾತು ಆ ಅರ್ಧ ಪುಟದಲ್ಲಿ ಐದು ಸಲ ಬಂದಿದೆ, ನಾನು ಎಣಿಸಿದ್ದೇನೆ. ಆ ಮನುಷ್ಯನ ಚಪ್ಪಲಿಗೆ ಚಾಮರಾಜನಗರದ ಮಣ್ಣು ತಾಕಿದ್ದು ಮೂರೇ ಬಾರಿ, ಅದನ್ನೂ ಎಣಿಸಿದ್ದೇನೆ.

ಸುಳ್ಳು. ಕಾರ್ ಶೆಡ್ಡೂ ಸುಳ್ಳು, ಒಬ್ಬರೇ ಕೂತದ್ದೂ ಸುಳ್ಳು. ಆ ಆಟ ಹುಟ್ಟಿದ್ದು ಚಾಮರಾಜನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ. ಅದನ್ನು ಹುಟ್ಟಿಸಿದ ಹೆಂಗಸು ಹೋದ ತಿಂಗಳು ಹರದನಹಳ್ಳಿಯಲ್ಲಿ ತೀರಿಕೊಂಡರು. ಅವರ ಸಾವಿಗೆ ಯಾವ ಪತ್ರಿಕೆಯೂ ಅರ್ಧ ಪುಟ ಬಿಡಲಿಲ್ಲ, ಅರ್ಧ ಸಾಲನ್ನೂ ಬಿಡಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಕಡೆ, ಬರೆಯಬೇಕಾಗಿದ್ದ ಹೊತ್ತಿನಲ್ಲಿ ನಾನು ಬರೆಯಲಿಲ್ಲ. ಈಗ ಬರೆದು ದೊಡ್ಡ ಮನುಷ್ಯನಾಗುವುದು ಬೇಡ. ಊರಿನವರೆಲ್ಲ ಕರೆಯುತ್ತಿದ್ದ ಹಾಗೆ ಟೀಚರ್ ಅಂತಲೇ ಕರೆಯುತ್ತೇನೆ.

ಇನ್‌ಸ್ಟಿಟ್ಯೂಟು ಇದ್ದದ್ದು ಒಂದು ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಯೂರಿಯಾದ ವಾಸನೆ, ಮೇಲಿನಿಂದ ಹನ್ನೆರಡು ಮೆಷಿನ್ನುಗಳ ಖಟಖಟ. ಟೀಚರ್ ಹರದನಹಳ್ಳಿಯಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ತೆಳ್ಳಗಿನ ಮೈ, ಒಂದು ಕಡೆ ದಾರ ಕಟ್ಟಿದ ಕನ್ನಡಕ. ಬೋರ್ಡಿಗೆ ಮುಖ ಮಾಡಿ ಏನೋ ಬರೆಯುತ್ತಿದ್ದವರು ಹಿಂದೆ ತಿರುಗದೆಯೇ, ಮೂರನೇ ಮೆಷಿನ್ನಿನ ಹುಡುಗಿ ಉಂಗುರದ ಬೆರಳಿನ ಕೆಲಸವನ್ನು ತೋರುಬೆರಳಿನಿಂದ ಮಾಡಿಸುತ್ತಿದ್ದಾಳೆ ಎಂದು ಹೇಳಿಬಿಡುತ್ತಿದ್ದರು. ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು.

ಅರ್ಜಿ ಟೈಪ್ ಮಾಡಿಸಲು ಹಳ್ಳಿಗಳಿಂದ ಜನ ಬರುತ್ತಿದ್ದರು. ಕೊನೆಯಲ್ಲಿ ‘ತಮ್ಮ ಪಾದಸೇವಕ’ ಎಂದು ಬರೆಸಿಕೊಂಡು ಬಂದಿದ್ದರೆ ಟೀಚರ್ ಆ ಸಾಲನ್ನು ಟೈಪ್ ಮಾಡುತ್ತಲೇ ಇರಲಿಲ್ಲ. ಒಮ್ಮೆ ತೆರಕಣಾಂಬಿಯ ಮುದುಕನೊಬ್ಬ, ಸಾಹೇಬರು ಸಿಟ್ಟಾದರೆ ಏನು ಗತಿ ಎಂದು ಗೋಗರೆದ. ಟೀಚರ್ ಕಾಗದವನ್ನು ಮೆಷಿನ್ನಿನಿಂದ ಎಳೆದು ಅವನ ಕೈಗಿಟ್ಟು, “ಸೈನ್ ಮಾಡೋನು ನೆಟ್ಗ ನಿಂತ್ಕಂಡು ಮಾಡ್ಬೇಕು ಕಣಪ್ಪ, ಕಾಲ್ ಇಡ್ಕಂಡು ಮಾಡಾಕಾಗಲ್ಲ” ಎಂದರು. ಮುದುಕ ನಿಂತುಕೊಂಡೇ ಸಹಿ ಹಾಕಿದ.

ಗೋಡೆಯ ಮೇಲೆ ಅವರು ಟೈಪ್ ಮಾಡಿದ ಚಿತ್ರಗಳಿದ್ದವು. ಎಕ್ಸ್ ಮತ್ತು ಓ ಅಕ್ಷರಗಳನ್ನು ಸಾಲುಸಾಲಾಗಿ ಹೊಡೆದು, ಕೆಲವು ಕಡೆ ಒತ್ತಾಗಿ, ಕೆಲವು ಕಡೆ ಬಿಡಿಯಾಗಿ, ಅದರಲ್ಲೇ ನವಿಲು, ಗಣಪತಿ, ರಾಗಿ ಬೀಸುತ್ತಿರುವ ಹೆಂಗಸು. ದೂರದಿಂದ ನೋಡಿದರೆ ಚಿತ್ರ, ಹತ್ತಿರ ಹೋದರೆ ಬರೀ ಅಕ್ಷರ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಕಂಪ್ಯೂಟರಿನಲ್ಲಿ ಚಿತ್ರವೆಂದರೆ ಚುಕ್ಕಿಗಳ ಸಾಲು ಎಂಬುದನ್ನು ನನಗೆ ಕಾಲೇಜಿನಲ್ಲಿ ಒಂದು ವರ್ಷ ಕಲಿಸಿದ್ದರು. ಟೀಚರ್‌ಗೆ ಅದು ಒಂದು ನೋಟಕ್ಕೆ ಅರ್ಥವಾಯಿತು.

ನಾನು ಗುಂಡ್ಲುಪೇಟೆಯವನು. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಟೈಪಿಂಗ್ ಕಲಿಯುವವರು ಕಡಿಮೆಯಾಗುತ್ತಿದ್ದಾರೆಂದು ಟೀಚರ್ ಮೈಸೂರಿನ ವ್ಯಾಪಾರಿಯೊಬ್ಬರಿಂದ ಎರಡು ಹಳೆಯ ಕಂಪ್ಯೂಟರ್ ತರಿಸಿದ್ದರು. ಆ ವ್ಯಾಪಾರಿಯೇ ಈಗ ಪತ್ರಿಕೆಯಲ್ಲಿ ಕೈಕಟ್ಟಿ ನಿಂತಿರುವ ಮಹಾಶಯ. ಕಂಪ್ಯೂಟರ್ ಪಾಠ ಹೇಳಲು ನನ್ನನ್ನು ಸೇರಿಸಿಕೊಂಡರು. ಅಲ್ಲೇ ಟೈಪಿಂಗ್ ಮುಗಿಸಿದ್ದ ಮಾದೇಶ ನನ್ನ ಜೊತೆಗಾರನಾದ.

ಒಂದು ಮಧ್ಯಾಹ್ನ ಮಾದೇಶ ಯಾವುದೋ ವಿದೇಶಿ ಆಟ ಆಡುತ್ತಿದ್ದ. ಕತ್ತಿ ಹಿಡಿದ ವೀರನೊಬ್ಬ ಊರೂರು ಅಲೆಯುತ್ತಾನೆ, ಮನೆಗಳಿಗೆ ನುಗ್ಗುತ್ತಾನೆ, ಪೆಟ್ಟಿಗೆ ತೆರೆದು ಚಿನ್ನ ಔಷಧಿ ಎಲ್ಲ ಬಾಚಿಕೊಂಡು ಹೊರಡುತ್ತಾನೆ. ಮನೆಯವರು ಪಕ್ಕದಲ್ಲೇ ನಿಂತಿರುತ್ತಾರೆ. ಟೀಚರ್ ಹಿಂದೆ ನಿಂತು ನೋಡುತ್ತಿದ್ದರು.

“ಇವ್ನು ಯಾರ್ ಮನ್ಗ ಓದ್ರೂ ಪೆಟ್ಗೆ ತಗ್ದು ಇರೋದ್ನೆಲ್ಲ ಎತ್ಕಂಡು ಓಯ್ತಾವ್ನಲ್ಲ, ಮನೆಯೋರು ಕೇಳಾಕಿಲ್ವಾ?”

ಅವನು ಹೀರೋ ಟೀಚರ್, ಯಾರೂ ಕೇಳಲ್ಲ ಎಂದ ಮಾದೇಶ.

“ಈರೋ ಆದ್ರ ಅವ್ನ್ ಮಟ್ಗ. ಕಂಡೋರ್ ಮನ್ಗ ನುಗ್ಗೋನ್ನ ನಮ್ಮೂರಲ್ಲಿ ಕಂಬಕ್ಕ ಕಟ್ತಾರ.”

ನಾವು ನಕ್ಕೆವು. ಅವರು ನಗಲಿಲ್ಲ. ಮಾರನೇ ದಿನ ಹರದನಹಳ್ಳಿಯಿಂದ ಬರುವಾಗ ಲೆಕ್ಕದ ಚೌಕುಳಿ ಪುಸ್ತಕವೊಂದನ್ನು ತಂದರು. ಒಂದು ಮನೆಗೆ ಹೋದರೆ ಏನೇನು ಆಗಬೇಕು ಎಂದು ಹನ್ನೊಂದು ಪುಟ ಬರೆದಿದ್ದರು. ಮೊದಲು ಬಾಗಿಲಲ್ಲಿ ನಿಂತು ಕೂಗಬೇಕು. ಕರೆದರೆ ಒಳಗೆ ಹೋಗಬೇಕು. ನೀರು ಕೊಟ್ಟರೆ ಕುಡಿಯಲೇಬೇಕು. ಕುಡಿಯದೆ ಎದ್ದರೆ ಆ ಊರಿನಲ್ಲಿ ಮತ್ತೆ ಯಾರೂ ಮಾತಾಡಿಸುವುದಿಲ್ಲ. ಆಟ ಹುಟ್ಟಿದ್ದು ಹೀಗೆ. ಕಾರ್ ಶೆಡ್ಡಿನಲ್ಲಲ್ಲ.

ಕಥೆ ಸರಳ. ಗುಂಡ್ಲುಪೇಟೆ ಕಡೆಯ ಒಂದು ಮನೆಯ ಎತ್ತು ಕಳೆದುಹೋಗಿದೆ, ಹುಡುಕಿ ತರಬೇಕು. ಆಡುವವನು ಮೂರರಲ್ಲಿ ಒಂದು ವೇಷ ಆರಿಸಿಕೊಳ್ಳಬಹುದು: ಎತ್ತಿನ ಯಜಮಾನ, ಅವನ ತಂಗಿ, ಇಲ್ಲವೇ ಊರಿನ ಪೋಸ್ಟ್‌ಮ್ಯಾನ್. ಒಂದೇ ಮನೆ ಮೂವರಿಗೂ ಮೂರು ಬಗೆಯಾಗಿ ಮಾತಾಡುತ್ತದೆ. ಯಜಮಾನನಿಗೆ ಹೆದರಿ ಸತ್ಯ ಮುಚ್ಚಿಡುತ್ತಾರೆ. ಪೋಸ್ಟ್‌ಮ್ಯಾನಿಗೆ ಮಗನ ಕಾಗದ ಬಂತಾ ಎಂದು ಕೇಳಿದ ಮೇಲೆಯೇ ಬೇರೆ ಮಾತು. ತಂಗಿಯನ್ನು ಅಡುಗೆಮನೆಯವರೆಗೂ ಕರೆದು ಎಲ್ಲವನ್ನೂ ಹೇಳುತ್ತಾರೆ, ಹೇಳಬಾರದ್ದನ್ನೂ. ತೆರಕಣಾಂಬಿಯ ಸಂತೆಯಲ್ಲಿ ನೀವು ಯಾರಿಗಾದರೂ ಮೋಸ ಮಾಡಿದರೆ, ನೀವು ಬಸ್ಸಿಳಿಯುವ ಹೊತ್ತಿಗೆ ಅದು ಹರದನಹಳ್ಳಿಗೆ ಗೊತ್ತಾಗಿರುತ್ತದೆ. ಅದು ಹೇಗೆ ಸಾಧ್ಯ ಎಂದು ನಾನು ವಾದ ಮಾಡಿದೆ. “ಮಾತು ಯಾವತ್ತೂ ಬಸ್ಸಿಗಿಂತ ಮೊದ್ಲೆ ಓಯ್ತದ ಕಣಪ್ಪ” ಎಂದರು.

ಆಟದಲ್ಲಿ ಚಿನ್ನದ ನಾಣ್ಯ ಇರಲಿಲ್ಲ. ಅದರ ಬದಲು ಡಬ್ಬಿ. ಒಂದು ಮನೆಯವರು ಡಬ್ಬಿಯಲ್ಲಿ ಏನಾದರೂ ಹಾಕಿಕೊಟ್ಟರೆ, ಆ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸುವ ಹಾಗಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಎಲ್ಲ ಮನೆಗಳಿಗೂ ಇದೇ ನಿಯಮವನ್ನು ನಾವು ಬರೆದೆವು, ಬರೆದು ಪೆಚ್ಚಾದೆವು. ಮಾದೇಶ ಆಡಿ ನೋಡಲು ಕೂತ. ಒಂದು ಮನೆಯವರು ಹುಚ್ಚೆಳ್ಳು ಕೊಟ್ಟರು. ಇವನು ಡಬ್ಬಿಗೆ ಸಣ್ಣ ಈರುಳ್ಳಿ ತುಂಬಿ ವಾಪಸ್ ಕೊಟ್ಟ. ಅವರು ಬರೀ ಡಬ್ಬಿ ಕಳಿಸಲು ಮನಸ್ಸಿಲ್ಲದೆ ಅವರೆಕಾಳು ಹಾಕಿದರು. ಇವನು ಬೆಲ್ಲ ಹಾಕಿದ. ಬೆಳಗಿನಿಂದ ಊಟದ ಹೊತ್ತಿನವರೆಗೆ ಅವನು ಆ ಎರಡು ಮನೆಗಳ ನಡುವೆಯೇ ಓಡಾಡುತ್ತಿದ್ದ. ಎತ್ತು ಎಲ್ಲೋ, ಇವನೆಲ್ಲೋ. ಬೇರೆ ಯಾವ ದೇಶದ ಪ್ರೋಗ್ರಾಮರನೂ ಇಂಥ ತಪ್ಪು ಮಾಡಿರಲಾರ. ಇದು ಮುಗಿಯುವುದೇ ಇಲ್ಲ ಟೀಚರ್ ಎಂದು ಮಾದೇಶ ತಲೆ ಮೇಲೆ ಕೈ ಹೊತ್ತ.

“ನಮ್ಮವ್ವಂಗೂ ಪಕ್ಕದ್ ಮನೆಯೋರ್ಗೂ ನಲವತ್ತು ವರ್ಸ ಆದ್ರೂ ಮುಗೀಲಿಲ್ಲ. ಅದ್ ತಪ್ಪಲ್ಲ, ಅಂಗೇ ಬುಡು” ಎಂದರು ಟೀಚರ್. ಒಂದು ತಿದ್ದುಪಡಿ ಮಾತ್ರ ಹೇಳಿದರು: ಡಬ್ಬಿ ಹೋಗಿ ಬರುವಾಗಲೆಲ್ಲ ಎತ್ತಿನ ಬಗ್ಗೆ ಒಂದೊಂದು ಸುದ್ದಿಯೂ ಬರಲಿ. ಹಾಗೆ ಮಾಡಿದೆವು. ಆಟ ಉಸಿರಾಡತೊಡಗಿತು.

ಅವ್ವನ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಬೇರೆಯವರ ಮೇಲೆ ಸಿಟ್ಟು ಮಾಡಿಕೊಂಡು ಬರೆದೆ, ಅದು ಸುಲಭವಿತ್ತು.

ಟೀಚರ್ ಮದುವೆಯಾದವರಲ್ಲ. ಅಪ್ಪ ಬೇಗ ಹೋಗಿದ್ದರು. ಅವ್ವ ಕೂಲಿ ಮಾಡಿ, ಅರಿಶಿನ ಕಿತ್ತು, ಅರಿಶಿನ ಬೇಯಿಸಿ ಇವರನ್ನು ಓದಿಸಿದ್ದರು. ನಾನು ಕೆಲಸಕ್ಕೆ ಸೇರುವ ಸ್ವಲ್ಪ ಮುಂಚೆ ಅವ್ವ ತೀರಿಕೊಂಡಿದ್ದರು. ಅವರದೊಂದು ಫೋಟೋ ಇರಲಿಲ್ಲ. ವೋಟರ್ ಕಾರ್ಡಿಗೆ ಫೋಟೋ ಹಿಡಿಯಲು ಬಂದ ದಿನವೂ ಅವ್ವ ಹೊಲದಲ್ಲಿದ್ದರಂತೆ. ಆಟದಲ್ಲಿ ಮೊದಲು ಬಾಗಿಲು ತೆರೆಯುವ ಹರದನಹಳ್ಳಿಯ ಮನೆಯ ಮುದುಕಿಯ ಚಿತ್ರವನ್ನು ತಾನೇ ಬರೆಯುತ್ತೇನೆ ಎಂದು ಟೀಚರ್ ಹಟ ಹಿಡಿದರು. ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಒಂದೊಂದೇ ಚೌಕ ತುಂಬುತ್ತ, ಅಳಿಸುತ್ತ, ಮೂರು ವಾರ ಬರೆದರು. ತಲೆಯ ಮೇಲೆ ಸೆರಗು, ಸ್ವಲ್ಪ ಬಾಗಿದ ಎಡ ಭುಜ, ಕೈಯಲ್ಲಿ ಚೊಂಬು. ಬರೆದು ಮುಗಿಸಿದ ದಿನ ಹಾಳೆಯನ್ನು ಎದುರಿನ ಕುರ್ಚಿಗೆ ಒರಗಿಸಿಟ್ಟು, ದೂರ ಹೋಗಿ ನಿಂತು ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಆ ಹಾಳೆ ಬಿಟ್ಟರೆ ಈ ಲೋಕದಲ್ಲಿ ಅವ್ವನ ಮುಖ ಎಲ್ಲಿಯೂ ಉಳಿದಿರಲಿಲ್ಲ.

ಆಗ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ, ಒತ್ತು ದೀರ್ಘಗಳ ಸಮೇತ, ನಾವೇ ಚುಕ್ಕಿಯಿಟ್ಟು ಬರೆಯಬೇಕಿತ್ತು. ಅಕ್ಷರಗಳು ತಯಾರಾಗುವ ಮೊದಲೇ ಟೀಚರ್ ಅವ್ವನ ಮಾತೊಂದನ್ನು ತಮ್ಮ ಕೈಬರಹದಲ್ಲೇ ಚಿತ್ರವಾಗಿ ಬರೆದು ಕೊಟ್ಟಿದ್ದರು: ‘ನೀರು ಕುಡೀತಿಯಾ ಮಗ?’ ಅದು ಹಾಗೆಯೇ ಚಿತ್ರವಾಗಿ ಉಳಿಯಿತು. ಉಳಿದವರ ಮಾತೆಲ್ಲ ಬೇರೆ ಕಡತದಲ್ಲಿತ್ತು.

ಕಂಪ್ಯೂಟರ್ ರಿಪೇರಿಗೆಂದು ಬಂದ ಮೈಸೂರಿನ ಮಹಾಶಯರು ಆಟವನ್ನು ನೋಡಿದ್ದು ಆ ಹೊತ್ತಿನಲ್ಲಿ. ಕಾಲು ಗಂಟೆ ಆಡಿದರು. ಎಲ್ಲ ಚೆನ್ನಾಗಿದೆ, ಆದರೆ ಇದರಲ್ಲಿ ಯಾರನ್ನೂ ಹೊಡೆಯುವ ಹಾಗೇ ಇಲ್ಲವಲ್ಲ ಎಂದರು. ಆಮೇಲೆ ಇನ್ನೊಂದು ಮಾತು ತೆಗೆದರು.

“ಭಾಷೆ ಬದಲಾಯಿಸಿ ಮೇಡಂ. ಇದು ಕೂಲಿಯವರ ಭಾಷೆ.”

“ಕೂಲಿಯೋರೆ ಸ್ವಾಮಿ ನಾವು” ಎಂದರು ಟೀಚರ್. ಹೇಳಿ, ಅವರಿಗೆ ಕಾಫಿ ತರಿಸಿದರು. ಅವರು ಅರ್ಧ ಕುಡಿದು ಲೋಟ ಅಲ್ಲೇ ಬಿಟ್ಟು ಕಾರು ಹತ್ತಿದರು.

ಒಂದು ವಾರಕ್ಕೆ ನನಗೆ ಕಾಗದ ಬಂತು. ಮೈಸೂರಿಗೆ ಬಂದರೆ ಕೆಲಸ, ಆಟ ತಂದರೆ ಅದನ್ನು ಕಂಪನಿ ಹೊರತರುತ್ತದೆ. ಮಾದೇಶನಿಗೂ ಕರೆ ಇತ್ತು. ಅವನು, ಅರ್ಧ ಕಾಫಿ ಬಿಟ್ಟು ಹೋಗುವವನ ಹತ್ತಿರ ನಾನು ಬರಲಾರೆ ಎಂದ. ನಾನು ಹೋದೆ. ಟೀಚರ್ ತಡೆಯಲಿಲ್ಲ, ಆಟ ನಾಲ್ಕು ಜನಕ್ಕೆ ಮುಟ್ಟಲಿ ಎಂಬ ಆಸೆ ಅವರಿಗೂ ಇತ್ತು. ಬಸ್ಸಿನ ಧೂಳು ತಾಕಬಾರದೆಂದು ಏಳು ಫ್ಲಾಪಿಗಳನ್ನು ಬಟ್ಟೆಯಲ್ಲಿ ಸುತ್ತಿ, ಮನೆಯ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿ ಕೊಟ್ಟರು. ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಅವ್ವನ ಹೆಸರು ಆ ಡಬ್ಬಿಯ ಮೇಲಿತ್ತು. ನಾನು ಬಣ್ಣ ಸರಿಮಾಡಲು ಬೇಕಾಗಬಹುದೆಂದು, ಅವ್ವನ ಚಿತ್ರದ ಹಾಳೆಯನ್ನೂ ಟೀಚರ್ ಕಪಾಟಿನಿಂದ ತೆಗೆದು ಅದರಲ್ಲಿ ಮಡಿಸಿಟ್ಟುಕೊಂಡೆ. ಅವರಿಗೆ ಹೇಳಲಿಲ್ಲ. ಎರಡು ದಿನದಲ್ಲಿ ತಂದುಕೊಡುವುದಕ್ಕೆ ಹೇಳುವುದೇನು ಅಂದುಕೊಂಡಿದ್ದೆ.

ಬಸ್ ಸ್ಟ್ಯಾಂಡಿಗೆ ಬಂದು ಅವರು ಹೇಳಿದ್ದು ಇಷ್ಟೇ: “ಎತ್ತು ಬೇಕಾರ ಕುದ್ರೆ ಮಾಡ್ಕಳಿ. ಊರು ಬೇಕಾರ ಪ್ಯಾಟೆ ಮಾಡ್ಕಳಿ. ಅವ್ವನ್ನ ಮಾತ್ರ ಮುಟ್ಬ್ಯಾಡ ಕಣಪ್ಪ.”

ಮುಟ್ಟುವುದಿಲ್ಲ ಟೀಚರ್ ಎಂದೆ.

ಮೈಸೂರಿನಲ್ಲಿ ಡಬ್ಬಿ ಹೋಗಿ ಚಿನ್ನದ ನಾಣ್ಯ ಬಂತು. ಎತ್ತು ಹೋಗಿ ಕಿರೀಟ ಬಂತು. ತಂಗಿಯ ವೇಷವನ್ನೂ ಪೋಸ್ಟ್‌ಮ್ಯಾನನ್ನೂ ತೆಗೆದು ಯಜಮಾನನ ಕೈಗೆ ಕತ್ತಿ ಕೊಟ್ಟೆವು. ಮಾತಿನ ಕಡತ ಪೂರ್ತಿ ಹೊಸದಾಯಿತು. ತೆರಕಣಾಂಬಿಯ ಈರುಳ್ಳಿ ವ್ಯಾಪಾರಿ ‘ಸುಸ್ವಾಗತ, ವೀರನೇ’ ಎನ್ನತೊಡಗಿದ. ಪ್ರತಿ ಸಲ ಮಹಾಶಯರು ಬಂದು ಬೆನ್ನು ತಟ್ಟುವರು, ಪ್ರತಿ ಸಲ ನಾನು ಇನ್ನೊಂದು ಸಾಲು ಅಳಿಸುವೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಂದು ಊರನ್ನು ಊರೊಳಗಿಂದ ತೆಗೆದುಬಿಟ್ಟೆವು. ಇದನ್ನೇ ಅವರು ಪತ್ರಿಕೆಗೆ ಮಣ್ಣಿನ ಸೊಗಡು ಎಂದು ಹೇಳಿರುವುದು.

ಒಂದು ಶನಿವಾರ ಬಂದು, ಆಟ ಶುರುವಾಗುತ್ತಿದ್ದ ಹಾಗೇ ಒಬ್ಬ ರಾಕ್ಷಸಿ ಬೇಕು, ಸೋಮವಾರ ಅಂಗಡಿಯವರಿಗೆ ತೋರಿಸಬೇಕು ಎಂದರು. ಹೊಸ ಚಿತ್ರ ಬರೆಯಲು ಸಮಯವಿಲ್ಲ ಎಂದೆ. ಮೊದಲ ಮನೆಯಲ್ಲಿ ಒಬ್ಬಳು ಮುದುಕಿ ಇದ್ದಾಳಲ್ಲ, ಅವಳನ್ನೇ ಮಾಡಿ ಎಂದರು.

ನಾನು ಬೇಡ ಅನ್ನಬಹುದಿತ್ತು. ನನ್ನ ಕೈಯನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಡಬ್ಬಿಯಿಂದ ಹಾಳೆ ತೆಗೆದೆ. ಎಲ್ಲಿ ಕೆಂಪು ಹಾಕಿದರೆ ಭಯವಾಗುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ನೋಡಿದೆ. ಒಂದು ಕಣ್ಣಿಗೆ ಎರಡು ಚುಕ್ಕಿ, ಇನ್ನೊಂದಕ್ಕೆ ಎರಡು. ನಾಲ್ಕೇ ಚುಕ್ಕಿ. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಮಾಡಿದೆ. ಕಾಲು ಗಂಟೆಯೂ ಹಿಡಿಯಲಿಲ್ಲ. ಅವಳನ್ನು ಕತ್ತಿಯಿಂದ ಹೊಡೆದರೆ ಹತ್ತು ನಾಣ್ಯ ಉದುರುವ ಹಾಗೆ ಬರೆದವನೂ ನಾನೇ.

ಆಟದ ಮೊದಲ ಪರದೆಯಲ್ಲಿ ಹೆಸರುಗಳು ಬಂದವು. ಮಹಾಶಯರದು ದೊಡ್ಡದಾಗಿ, ಕೆಳಗೆ ನನ್ನದು. ಟೀಚರ್ ಹೆಸರು ಹಾಕುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಟೈಪಿಂಗ್ ಟೀಚರ್ ಹೆಸರು ಹಾಕಿದರೆ ಯಾರು ಕೊಳ್ಳುತ್ತಾರ್ರೀ ಎಂದು ಅವರು ನಕ್ಕರು. ನನಗೆ ಈಗಲೂ ಮೈ ಉರಿಯುವುದು ಅವರು ನಕ್ಕದ್ದಕ್ಕಲ್ಲ. ನಾನೂ ನಕ್ಕೆ.

ಆಟ ಮೈಸೂರಿನಲ್ಲಿ ಓಡಿತು, ಗುಂಡ್ಲುಪೇಟೆಗೂ ಬಂತು. ನಮ್ಮ ಚಿಕ್ಕಪ್ಪನ ಮಗ ಬಸ್ ಸ್ಟ್ಯಾಂಡಿನ ಹತ್ತಿರ, ನಮ್ಮ ಮನೆಯ ಮುಂಭಾಗದಲ್ಲೇ, ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ನಾನು ಹಬ್ಬಕ್ಕೆ ಊರಿಗೆ ಬಂದು ಆ ಅಂಗಡಿಯಲ್ಲಿ ಕೂತಿದ್ದ ದಿನ, ಟೈಪಿಂಗ್ ಪರೀಕ್ಷೆಯ ಕೆಲಸಕ್ಕೆಂದು ಟೀಚರ್ ಗುಂಡ್ಲುಪೇಟೆಗೆ ಬಂದಿದ್ದರು. ದಾರಿಯಲ್ಲಿ ಅಪ್ಪನ ಕಣ್ಣಿಗೆ ಬಿದ್ದರು. ನನಗೆ ಮೊದಲು ಕೆಲಸ ಕೊಟ್ಟವರೆಂದು ಅಪ್ಪನಿಗೆ ಅವರ ಮೇಲೆ ಬಹಳ ಗೌರವ. “ಬನ್ನಿ ಟೀಚರಮ್ಮ, ನಮ್ಮುಡ್ಗ ಮಾಡಿರೋ ಆಟ ನೋಡಿ” ಎಂದು ಅಪ್ಪ ಖುಷಿಯಿಂದ ಕರೆತಂದರು.

ಎದ್ದು ಹೋಗಲು ನನಗೆ ಹಿಂದಿನ ಬಾಗಿಲಿರಲಿಲ್ಲ. ಇಬ್ಬರು ಕಾಲೇಜು ಹುಡುಗರು ಆಡುತ್ತಿದ್ದರು. ಪರದೆಯ ಮೇಲೆ ಹೆಸರುಗಳು ಬಂದು ಹೋದವು. ಟೀಚರ್ ಕನ್ನಡಕ ಸರಿಮಾಡಿಕೊಂಡು ಓದಿದರು. ಮೊದಲ ಮನೆಯ ಬಾಗಿಲು ತೆರೆಯಿತು. ತಲೆಯ ಮೇಲೆ ಸೆರಗು, ಬಾಗಿದ ಎಡ ಭುಜ, ಕೈಯಲ್ಲಿ ಚೊಂಬು, ಕೆಂಪು ಕಣ್ಣು. ನಾನು ಮಾತಿನ ಕಡತವನ್ನು ಮಾತ್ರ ಬದಲಾಯಿಸಿದ್ದೆ. ಚಿತ್ರವಾಗಿ ಬರೆದಿದ್ದ ಆ ಒಂದು ಸಾಲು ನನ್ನ ನೆನಪಿಗೇ ಬಂದಿರಲಿಲ್ಲ. ರಾಕ್ಷಸಿಯ ಪಕ್ಕದಲ್ಲಿ ಟೀಚರ್ ಕೈಬರಹ ಮೂಡಿತು: ‘ನೀರು ಕುಡೀತಿಯಾ ಮಗ?’ ಹುಡುಗರು ಗೊಳ್ಳೆಂದು ನಕ್ಕು ಕತ್ತಿ ಬೀಸಿದರು. ಹತ್ತು ನಾಣ್ಯ ಉದುರಿತು. ಮುಂದೆಲ್ಲೋ ಸೋತು ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಬಾಗಿಲು, ಮತ್ತೆ ಅದೇ ಮಾತು, ಮತ್ತೆ ಕತ್ತಿ.

ಟೀಚರ್ ಮೂರು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

“ಇನ್ನೂ ನೀರ್ ಬೇಕಾ ಅಂತಾವ್ಳೆ ಕಣಪ್ಪ.”

ಅಷ್ಟೇ. ಅಪ್ಪ ಒಳಗಿನಿಂದ ತಟ್ಟೆಯಲ್ಲಿ ನೀರು, ಬೆಲ್ಲ ತಂದು ಹಿಡಿದಿದ್ದರು. ಟೀಚರ್ ಅಪ್ಪನಿಗೆ ಕೈಮುಗಿದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಯಾರ ಮನೆಯ ನೀರನ್ನೂ ಬೇಡವೆನ್ನಬಾರದು ಎಂದು ಹನ್ನೊಂದು ಪುಟ ಬರೆದಿದ್ದ ಹೆಂಗಸು, ನಮ್ಮ ಮನೆಯ ನೀರು ಮುಟ್ಟದೆ ಹೋದರು. ಅಪ್ಪನಿಗೆ ಕೊನೆಯವರೆಗೂ ಅದರ ಅರ್ಥವಾಗಲಿಲ್ಲ.

ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಾನು ಆನೆ ಕೊಡಲು ಹೋಗಲೂ ಇಲ್ಲ. ಎರಡು ವರ್ಷದ ಮೇಲೆ ಆ ಕಂಪನಿ ಬಿಟ್ಟೆ, ಬೇರೆ ಕೆಲಸ ಹಿಡಿದೆ. ಟೈಪಿಂಗ್ ಇನ್‌ಸ್ಟಿಟ್ಯೂಟು ಮುಚ್ಚಿತೆಂದು ಮಾದೇಶನಿಂದ ತಿಳಿಯಿತು. ಡಬ್ಬಿ ನನ್ನ ಬೀರುವಿನಲ್ಲೇ ಉಳಿಯಿತು, ಹಾಳೆ ಅದರೊಳಗೆ. ಕೊಟ್ಟ ಡಬ್ಬಿಯನ್ನು ಬಾಯಿಬಿಟ್ಟು ಕೇಳುವುದು ನಮ್ಮ ಕಡೆ ಸಣ್ಣತನ, ಅವರು ಕೇಳಲಿಲ್ಲ. ಬರೀ ಡಬ್ಬಿ ಕೊಡಬಾರದು, ತುಂಬಿಕೊಡಲು ನನ್ನ ಹತ್ತಿರ ಏನಿದೆ ಎಂದು ನಾನು ದಿನ ತಳ್ಳಿದೆ. ಅದು ನೆವ. ಹೇಡಿತನಕ್ಕೆ ಒಳ್ಳೆಯ ಪದ್ಧತಿಯೊಂದರ ಮುಸುಕು ಹೊದಿಸಿದ್ದೆ.

ಪತ್ರಿಕೆಯ ತುಣುಕು ಓದಿದ ಮಾರನೇ ದಿನ ಡಬ್ಬಿ ಹಿಡಿದುಕೊಂಡು ಹರದನಹಳ್ಳಿಗೆ ಹೋದೆ. ಮನೆಯಲ್ಲಿ ಟೀಚರ್ ತಮ್ಮನ ಮಗಳಿದ್ದಳು. ಕೊನೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡವಳು. ಅತ್ತೆಯ ಜೊತೆ ಕೆಲಸ ಮಾಡಿದವನು ಎಂದು ಹೇಳಿಕೊಂಡು, ಡಬ್ಬಿ ಕೊಟ್ಟೆ. ಮೇಲಿನ ಹೆಸರನ್ನು ಅವಳು ಬೆರಳಲ್ಲಿ ಸವರಿದಳು. ಮುಚ್ಚಳ ತೆಗೆದು ಹಾಳೆ ಬಿಡಿಸಿದಳು. ಹತ್ತಿರದಿಂದ ನೋಡಿದಾಗ ಅವಳಿಗೆ ಬರೀ ಚೌಕ ಕಂಡಿರಬೇಕು. ಹಾಳೆಯನ್ನು ಕೈ ಚಾಚಿ ದೂರ ಹಿಡಿದಳು.

“ಇದ್ನೇ ಅಲ್ವಾ ಅತ್ತೆ ಉಡುಕ್ತಿದ್ದುದ್ದು” ಎಂದಳು. “ಮನೆ ಬದ್ಲಾಯಿಸ್ದಾಗ್ಲೆಲ್ಲ ಪೆಟ್ಗೆ ಪೆಟ್ಗೆನೂ ಕೆಳಿಕ್ ಸುರ್ದು ಉಡುಕೋರು. ಎಲ್ಲೋ ಇಟ್ಟು ಮರ್ತ್ಬುಟ್ಟೆ ಅಂತ ಅವ್ರ್ನೇ ಬೈಕಳೋರು.”

ಅವಳು ಇನ್ನೂ ಹಾಳೆ ನೋಡುತ್ತಿದ್ದಳು.

“ಅಜ್ಜಿ ಕಣ್ಗ ಯಾಕಣ್ಣ ಕೆಂಪು?”

ಬಸ್ಸಿನಲ್ಲಿ ಬರುವಾಗ ನಾನು ಆ ಮಹಾಶಯರ ಬಗ್ಗೆ, ಕಾರ್ ಶೆಡ್ಡಿನ ಬಗ್ಗೆ, ಪತ್ರಿಕೆಯವರ ಸುಳ್ಳಿನ ಬಗ್ಗೆ ಅವಳಿಗೆ ಹೇಳಬೇಕೆಂದು ಏನೇನೋ ಜೋಡಿಸಿಕೊಂಡಿದ್ದೆ. ಅದೊಂದೂ ಬಾಯಿಗೆ ಬರಲಿಲ್ಲ.

“ನಾನು ಹಾಕಿದ್ದು” ಎಂದೆ.

ಅವಳು ನನ್ನನ್ನೂ ಹಾಳೆಯನ್ನೂ ನೋಡಿದಳು. ಹಾಳೆಯನ್ನು ಮೊದಲಿದ್ದ ಹಾಗೆಯೇ ಮಡಿಸಿ ಡಬ್ಬಿಯಲ್ಲಿಟ್ಟು ಒಳಗೆ ಹೋದಳು. ನಾನು ಎದ್ದು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹುಡುಕತೊಡಗಿದೆ. ಹೊಸ್ತಿಲು ದಾಟುವ ಮೊದಲು ಒಳಗಿನಿಂದ ಅವಳ ದನಿ ಕೇಳಿಸಿತು.

“ಕೂತ್ಕಳಿ. ನೀರ್ ಕುಡ್ಕಂಡ್ ಓಗಿ.”